ಪುರಸಭೆ ಮತ್ತು ಪಕ್ಷೇತರ ಅಭ್ಯರ್ಥಿ

ಪುರಸಭೆಯ ಚುನಾವಣೆ ಬಂತೆಂದರೆ ಊರಿನ ಗೋಡೆಗಳಿಗೆಲ್ಲ ಮಾತು ಬರುತ್ತದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಹೀಗೆ ನಮ್ಮ ಭಾಗದ ಯಾವ ಪಟ್ಟಣವನ್ನೇ ತೆಗೆದುಕೊಳ್ಳಿರಿ. ಪಕ್ಷಗಳ ಹುರಿಯಾಳುಗಳ ನಡುವೆ ಪಕ್ಷದ ಆಸರೆಯಿಲ್ಲದೆ ನಿಲ್ಲುವವರಿಗೂ ಕಣದಲ್ಲಿ ಸ್ಥಾನವುಂಟು. "ನಲ್ಲಿಯಲ್ಲಿ ನಿತ್ಯ ನೀರು ಬರಿಸುವೆನು, ಚರಂಡಿ ಕಟ್ಟಿಸುವೆನು, ಲಂಚವನ್ನು ನಿಲ್ಲಿಸುವೆನು" ಎಂದು ಅಂಥವರು ಸಾರಿದರೆ ಕೇಳಲು ಇಂಪಾಗಿಯೇ ಇರುತ್ತದೆ. ಆದರೆ ಇವುಗಳಲ್ಲಿ ಒಬ್ಬನೇ ಸದಸ್ಯನ ಕೈಯಿಂದ ಆಗುವುದೆಷ್ಟು, ಆಗದಿರುವುದೆಷ್ಟು? ಇದನ್ನು ಅರಿಯದೆ ಮತ ನೀಡುವುದು ತಕ್ಕಡಿಯಿಲ್ಲದೆ ಸರಕು ಕೊಂಡಂತೆ.

ಮೊದಲು ಕಾಯಿದೆಯ ವಿಚಾರ. 1956ರ ನವೆಂಬರ್ 1ರಂದು ನಮ್ಮ ಜಿಲ್ಲೆಯು ಹೈದರಾಬಾದ್ ರಾಜ್ಯದಿಂದ ಬಂದು ಮೈಸೂರು ರಾಜ್ಯವನ್ನು ಸೇರಿತು. ಹಾಗೆ ಒಂದುಗೂಡಿದ ಪ್ರಾಂತಗಳಲ್ಲಿ ಬೇರೆ ಬೇರೆ ಪೌರಾಡಳಿತ ಕಾಯಿದೆಗಳು ನಡೆಯುತ್ತಿದ್ದವು. ಅವುಗಳ ಬದಲಿಗೆ ಬಂದುದೇ 1964ರ ಪುರಸಭೆಗಳ ಅಧಿನಿಯಮ. ಮುಂದೆ 1992ರ 74ನೆಯ ಸಂವಿಧಾನ ತಿದ್ದುಪಡಿಯು ಪುರಸಭೆಗಳಿಗೆ 5 ವರ್ಷಗಳ ಅವಧಿಯನ್ನು ಗೊತ್ತುಪಡಿಸಿತು. 12ನೆಯ ಅನುಸೂಚಿಯಲ್ಲಿ ನೀರು, ರಸ್ತೆ, ನೈರ್ಮಲ್ಯ, ಬೀದಿದೀಪ ಮೊದಲಾದ 18 ವಿಷಯಗಳನ್ನು ಹೆಸರಿಸಿತು. ಆದರೆ ಹೆಸರಿಸಿದ ಮಾತ್ರಕ್ಕೆ ಅಧಿಕಾರ ಕೈಸೇರಲಿಲ್ಲ. ಎಷ್ಟನ್ನು ವಹಿಸಿಕೊಡಬೇಕೆಂಬುದು ರಾಜ್ಯದ ವಿಧಾನಮಂಡಲದ ಇಚ್ಛೆಗೆ ಉಳಿಯಿತು.

ಪುರಸಭೆಯಲ್ಲಿ ನಿರ್ಣಯ ಮಾಡುವುದು ಸಭೆ. ಕಾರ್ಯಗತ ಮಾಡುವವರು ಸರ್ಕಾರ ನೇಮಿಸಿದ ಮುಖ್ಯಾಧಿಕಾರಿ. ಅಧ್ಯಕ್ಷರನ್ನು ಆರಿಸುವವರು ಜನರಲ್ಲ, ಸದಸ್ಯರು. ಹಣದ ಬಹುಭಾಗ ಅನುದಾನವಾಗಿ ಮೇಲಿನಿಂದ ಬರಬೇಕು. ಆದ್ದರಿಂದ "ರಸ್ತೆ ಮಾಡಿಸಿಯೇ ತೀರುವೆನು" ಎಂಬ ಪಕ್ಷೇತರನ ಮಾತು ಬಹುಮತ, ಹಣ, ಮಂಜೂರಾತಿ ಎಂಬ ಮೂರು ಬಾಗಿಲುಗಳನ್ನು ದಾಟಬೇಕು. ಅವನ ಕೈಯಲ್ಲಿರುವುದೋ ಒಂದೇ ಮತ.

ಹಾಗಾದರೆ ಅವನಿಂದ ಏನೂ ಆಗದೆ? ಆಗುತ್ತದೆ, ಬಹುಮತ ಬೇಡದ ಕೆಲಸಗಳೂ ಇವೆ.

ಮೊದಲನೆಯದು ಲೆಕ್ಕವನ್ನು ಬೆಳಕಿಗೆ ತರುವುದು. ಕೇಳುವವರಿಲ್ಲದಿದ್ದರೂ ಸಾರ್ವಜನಿಕ ಕಚೇರಿಗಳು ತಮ್ಮ ಆಯವ್ಯಯ ಮುಂತಾದ ವಿವರಗಳನ್ನು ತಾವಾಗಿಯೇ ಪ್ರಕಟಿಸಬೇಕೆಂದು 2005ರ ಮಾಹಿತಿ ಹಕ್ಕು ಅಧಿನಿಯಮದ 4ನೆಯ ಪ್ರಕರಣ ವಿಧಿಸುತ್ತದೆ. ತನ್ನ ವಾರ್ಡಿನಲ್ಲಿ ಯಾವ ಕಾಮಗಾರಿ, ಎಷ್ಟು ಹಣ, ಯಾವ ಗುತ್ತಿಗೆದಾರ, ಮುಗಿಯುವುದೆಂದು ಎಂಬುದನ್ನು ಒಂದು ಹಲಗೆಯ ಮೇಲೆ ಬರೆದು ತೂಗುಹಾಕಲು ಸದಸ್ಯನಿಗೆ ಯಾವ ಪಕ್ಷದ ಅಪ್ಪಣೆಯೂ ಬೇಕಿಲ್ಲ.

ಎರಡನೆಯದು ವಾರ್ಡು ಸಭೆ. ಸಂವಿಧಾನವು ವಾರ್ಡು ಸಮಿತಿಗಳನ್ನು ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚಿನ ಜನಸಂಖ್ಯೆಯ ಊರುಗಳಿಗೆ ಮಾತ್ರ. ಕಲಬುರಗಿ ನಗರವು ಆ ಲೆಕ್ಕಕ್ಕೆ ಸೇರುತ್ತದೆ. ನಮ್ಮ ಐದು ಪಟ್ಟಣಗಳಲ್ಲಿ ಒಂದೂ ಸೇರದು. ಆದರೂ ತಿಂಗಳಿಗೊಮ್ಮೆ ಗುಡಿಯ ಕಟ್ಟೆಯ ಮೇಲೋ ಶಾಲೆಯ ಅಂಗಳದಲ್ಲೋ ಜನರನ್ನು ಕೂಡಿಸಿ ಅಹವಾಲು ಕೇಳುವುದನ್ನು ಯಾರು ತಡೆದಾರು? ಬ್ರೆಜಿಲ್ ದೇಶದ ಪೋರ್ಟೊ ಅಲೆಗ್ರೆ ನಗರದಲ್ಲಿ 1989ರಿಂದ ನಾಗರಿಕರೇ ಕುಳಿತು ಆಯವ್ಯಯದ ಆದ್ಯತೆಗಳನ್ನು ಗೊತ್ತುಮಾಡುವ ಪದ್ಧತಿ ಆರಂಭವಾಗಿ ಲೋಕಪ್ರಸಿದ್ಧವಾಯಿತು. ಕಲ್ಲುಗಣಿಯ ಧೂಳಿನ ಶಹಾಬಾದಿಗೂ, ಸಿಮೆಂಟು ಕಾರ್ಖಾನೆ ಹಾಗೂ ರೈಲ್ವೆ ಜಂಕ್ಷನ್ನಿನ ವಾಡಿಗೂ, ರೈಲೇ ಕಾಣದ ಚಿಂಚೋಳಿಗೂ ಬೇಕಾದುದು ಒಂದೇ ಅಲ್ಲ. ಅದನ್ನು ಹೇಳಬಲ್ಲವರು ಅಲ್ಲಿನ ನಿವಾಸಿಗಳೇ.

ಮೂರನೆಯದು ಹೇಳಲು ಕಹಿಯಾದುದು: ತೆರಿಗೆ. ಆಸ್ತಿ ತೆರಿಗೆಯು ಪುರಸಭೆಯ ಸ್ವಂತ ಆದಾಯದ ಬೆನ್ನೆಲುಬು. ದಾಖಲೆಗೆ ಬಾರದ ಕಟ್ಟಡಗಳ ಹೊರೆಯನ್ನೂ ಪ್ರಾಮಾಣಿಕವಾಗಿ ತೆತ್ತವನೇ ಹೊರುತ್ತಾನೆ. "ತೆರಿಗೆ ಇಳಿಸುವೆನು, ಸೌಕರ್ಯ ಏರಿಸುವೆನು" ಎಂಬ ಅಭ್ಯರ್ಥಿಗಿಂತ "ಎಲ್ಲರಿಂದಲೂ ನ್ಯಾಯವಾಗಿ ವಸೂಲಾಗಲಿ, ಅದರ ಲೆಕ್ಕ ಎಲ್ಲರಿಗೂ ಸಿಗಲಿ" ಎಂಬವನು ಹೆಚ್ಚು ನಂಬಿಕೆಗೆ ಅರ್ಹನು.

ಇನ್ನು ನಾಣ್ಯದ ಮತ್ತೊಂದು ಮುಖವನ್ನೂ ನೋಡಬೇಕು. ಪಕ್ಷವಿಲ್ಲದವನೆಂದ ಮಾತ್ರಕ್ಕೆ ಅವನು ನಿಷ್ಪಕ್ಷಪಾತಿಯೆಂದು ಹೇಳಲಾಗದು. 2015ರ ಬೆಂಗಳೂರು ಮಹಾನಗರ ಪಾಲಿಕೆಯ ಚುನಾವಣೆಯಲ್ಲಿ 198 ವಾರ್ಡುಗಳ ಪೈಕಿ ಅತಿ ಹೆಚ್ಚು ಸ್ಥಾನ ಗೆದ್ದುದು ಭಾರತೀಯ ಜನತಾ ಪಕ್ಷ. ಆದರೂ ಶಾಸಕರು, ಸಂಸದರು ಕೂಡ ಮತ ಹಾಕುವ ಮೇಯರ್ ಚುನಾವಣೆಯಲ್ಲಿ ಕಾಂಗ್ರೆಸ್ ಮತ್ತು ಜಾತ್ಯತೀತ ಜನತಾದಳಗಳು ಪಕ್ಷೇತರರ ಬೆಂಬಲವನ್ನೂ ಪಡೆದು ಅಧಿಕಾರ ಹಿಡಿದವು. ಪಕ್ಷೇತರನ ಒಂದು ಮತಕ್ಕೆ ಬೆಲೆ ಬರುವುದು ಇಂಥ ಹೊತ್ತಿನಲ್ಲಿಯೇ. ಆ ಬೆಲೆ ವಾರ್ಡಿಗೆ ಸಂದಿತೋ, ವ್ಯಕ್ತಿಗೆ ಸಂದಿತೋ? ಪಕ್ಷದವನು ತಪ್ಪಿದರೆ ಮುಂದಿನ ಸಲ ಆ ಪಕ್ಷವನ್ನಾದರೂ ಶಿಕ್ಷಿಸಬಹುದು. ಪಕ್ಷೇತರನು ಮತ್ತೆ ನಿಲ್ಲದೆ ಹೋದರೆ ಯಾರನ್ನು ಕೇಳುವುದು? ಅದಕ್ಕಾಗಿ ಮತ ಕೊಡುವ ಮೊದಲೇ ಕೇಳಬೇಕು: "ಅಧ್ಯಕ್ಷರ ಆಯ್ಕೆಯಲ್ಲಿ ಯಾರ ಕಡೆ, ಯಾವ ಷರತ್ತಿನ ಮೇಲೆ? ಬರೆದು ಕೊಡುವಿರಾ?"

ಸದಸ್ಯರಷ್ಟೇ ಇದ್ದರೂ ಸಾಲದೆಂಬುದಕ್ಕೆ ಇನ್ನೊಂದು ನಿದರ್ಶನವುಂಟು. 2018ರಲ್ಲಿ ಚುನಾವಣೆ ನಡೆದ ರಾಜ್ಯದ ಅನೇಕ ಪುರಸಭೆಗಳಲ್ಲಿ ಅಧ್ಯಕ್ಷ ಸ್ಥಾನದ ಮೀಸಲಾತಿಯ ವ್ಯಾಜ್ಯದಿಂದಾಗಿ ಸುಮಾರು 2 ವರ್ಷ ಅಧ್ಯಕ್ಷರೇ ಇರಲಿಲ್ಲ. ಜನ ಆರಿಸಿದವರು ಕೈಕಟ್ಟಿ ಕುಳಿತಿರಬೇಕಾಯಿತು. ಇಂಥ ಕೊರತೆಯನ್ನು ಒಬ್ಬ ಅಭ್ಯರ್ಥಿಯಲ್ಲ, ಎಚ್ಚೆತ್ತ ಊರೇ ಕೇಳಬೇಕು.

1989ರಲ್ಲಿ ಜಾರಿಗೆ ಬಂದ 61ನೆಯ ತಿದ್ದುಪಡಿಯು ಲೋಕಸಭೆ, ವಿಧಾನಸಭೆಗಳ ಮತದಾನದ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿತು. ಪುರಸಭೆಗೂ ಇಂದು ಅದೇ ವಯಸ್ಸು. ಎಂದರೆ, ಸಹಪಾಠಿಗಳೇ, ನಮ್ಮ ಕಾಲೇಜಿನ ತರಗತಿಗಳಲ್ಲಿ ಕುಳಿತವರಲ್ಲಿ ಬಹುಮಂದಿ ಮತದಾರರೇ. ದಿಲ್ಲಿಯ ರಾಜಕಾರಣವನ್ನು ಗಂಟೆಗಟ್ಟಲೆ ಚರ್ಚಿಸುವ ನಾವು ನಮ್ಮ ವಾರ್ಡಿನ ಆಯವ್ಯಯ ಪತ್ರವನ್ನು ಒಮ್ಮೆ ಕೇಳಿ ತಂದು ಓದಿದರೆ, ಪೌರನೀತಿಯ ಪಾಠ ಪುಸ್ತಕದಿಂದ ಬೀದಿಗೆ ಇಳಿದೀತು. ಒಳ್ಳೆಯ ಅಭ್ಯರ್ಥಿ ಬರಲೆಂದು ಕಾಯುವುದಕ್ಕಿಂತ, ಸರಿಯಾದ ಪ್ರಶ್ನೆ ಕೇಳುವ ಮತದಾರರಾಗುವುದು ನಮ್ಮ ಕೈಯಲ್ಲೇ ಇರುವ ಕೆಲಸ.