ಮನೆಯ ಚಿತ್ರಸಂಜೆ ಮತ್ತು ಕನ್ನಡ

ಕಾಸರಗೋಡಿನ ಅನೇಕ ಕುಟುಂಬಗಳಲ್ಲಿ ಮನೆಮಾತು ತುಳು, ಕೊಂಕಣಿ ಅಥವಾ ಮರಾಠಿ. ಕನ್ನಡವು ಶಾಲೆಯ ಹಾಗೂ ಓದುಬರಹದ ಭಾಷೆ. ಮಗು ಅನ್ಯ ಮಾಧ್ಯಮದ ಶಾಲೆಗೆ ಸೇರಿದರೆ ಅಲ್ಲಿ ಕನ್ನಡವು ತನ್ನ ಮುಖ್ಯ ನೆಲೆಯನ್ನೇ ಕಳೆದುಕೊಳ್ಳುತ್ತದೆ. ಒಂದು ವಸ್ತುವನ್ನು ಆಯ್ದು ಮನೆಮಂದಿಯೆಲ್ಲ ಕೂಡಿ ನೋಡುವ ಚಿತ್ರಸಂಜೆಯು ಈ ನಷ್ಟವನ್ನು ಭಾಗಶಃ ತುಂಬಬಲ್ಲದು.

‘ಶಾಲೆ ಮತ್ತು ಪುಸ್ತಕ’ ಎಂಬ ವಸ್ತುವಿಗೆ ಎರಡು ಚಿತ್ರಗಳು ಒದಗುತ್ತವೆ. ‘ಬೆಟ್ಟದ ಹೂವು’ (1985) ಚಿತ್ರದ ಬಡ ಬಾಲಕನು ‘ಶ್ರೀ ರಾಮಾಯಣ ದರ್ಶನಂ’ ಕೊಳ್ಳಲು ಹಣ ಕೂಡಿಸಿ, ಕೊನೆಗೆ ಅದನ್ನು ಮನೆಯವರಿಗಾಗಿ ವ್ಯಯಿಸುತ್ತಾನೆ. ‘ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು’ (2018) ಚಿತ್ರದ ಮಕ್ಕಳು ತಮ್ಮ ಕನ್ನಡ ಶಾಲೆಯ ಉಳಿವಿಗಾಗಿ ಹೋರಾಡುತ್ತಾರೆ.

ಚಿತ್ರವು ಭಾಷೆಯನ್ನು ಕಿವಿಗೆ ತಲುಪಿಸುತ್ತದೆ. ನಾಲಗೆಗೆ ತರುವುದು ಅನಂತರದ ಮಾತುಕತೆ. ವಸ್ತು ಒಂದೇ ಆದುದರಿಂದ ಅದೇ ಪದಗಳು ಮರಳಿ ಬರುತ್ತವೆ, ಹೋಲಿಕೆಗೆ ಎಡೆಯಾಗುತ್ತದೆ. ಬಾಲಕನ ಆಯ್ಕೆ ಸರಿಯೇ ಎಂದು ಅಜ್ಜಿ ಕನ್ನಡದಲ್ಲಿ ಕೇಳಿದರೆ, ಉತ್ತರವನ್ನೂ ಮಗು ಕನ್ನಡದಲ್ಲಿಯೇ ಹುಡುಕಬೇಕಾಗುತ್ತದೆ. ಅಕ್ಷರವನ್ನು ಮಾತ್ರ ಪರದೆಯು ಕಲಿಸದು. ಅದಕ್ಕೆ ಪುಸ್ತಕವೇ ಬೇಕು.