ಬೇರಿಗೆ ಪೆಟ್ಟಾಗದ ಬಿದಿರಿನ ಕಡ್ಡಿ: ಬೋನ್ಸಾಯ್ ಕೆಲಸಕ್ಕೆ ನಾವೇ ಮಾಡಿಕೊಳ್ಳುವ ಚಾಪ್‌ಸ್ಟಿಕ್

ನಮ್ಮ ಬೀದರಿಗೆ ಈ ಹೆಸರು ಬಿದಿರಿನಿಂದ ಬಂತು ಅನ್ನುವವರಿದ್ದಾರೆ; ಅಲ್ಲ, ಇದು ವಿದುರನ ಊರು ಅನ್ನುವವರೂ ಇದ್ದಾರೆ. ಆ ಜಗಳವನ್ನು ಇತಿಹಾಸದವರಿಗೆ ಬಿಡೋಣ. ನಾವು ಎಂಜಿನಿಯರಿಂಗ್‌ನವರು, ನಮಗೆ ಈಗ ಬೇಕಾಗಿರೋದು ಒಂದು ಗೇಣುದ್ದದ ಬಿದಿರು ಅಷ್ಟೇ. ಅದರಿಂದ ಒಂದು ಪುಟ್ಟ ಮರದ ಜೀವ ಉಳಿಸುವ ಕಡ್ಡಿ ಮಾಡೋದು ಹೇಗೆ, ಅದು ಯಾಕೆ ಹಾಗೇ ಇರಬೇಕು ಅನ್ನೋದೇ ಈ ಲೇಖನ.

ಗೋಡೆಯ ಸಸಿ, ಕುಂಡದ ಮರ

ಅಷ್ಟೂರಿಗೆ ಹೋದವರ ಕಣ್ಣೆಲ್ಲ ಗುಮ್ಮಟಗಳ ಮೇಲೆ. 1436ರಲ್ಲಿ ತೀರಿಕೊಂಡ ಅಹ್ಮದ್ ಶಾ ವಲಿ ಮತ್ತು ಅವನ ನಂತರದ ಬಹಮನಿ ಸುಲ್ತಾನರ ಗೋರಿಗಳು ಅಲ್ಲಿವೆ. ಇಂಥ ಹಳೆಯ ಗಾರೆ ಕಟ್ಟಡಗಳಿಗೆ ಒಂದು ಸಣ್ಣ ಶತ್ರು ಉಂಟು: ಹಕ್ಕಿಯ ಹಿಕ್ಕೆಯಲ್ಲಿ ಬಂದು ಬೀಳುವ ಅರಳಿ, ಆಲದ ಬೀಜ. ಸಾಸಿವೆಗಿಂತ ಚಿಕ್ಕದು. ಬಿರುಕಿನಲ್ಲಿ ಮೊಳೆತು, ಬೇರು ದಪ್ಪವಾಗ್ತಾ ಆಗ್ತಾ ಕಲ್ಲನ್ನೇ ಸರಿಸಿಬಿಡುತ್ತದೆ. ಸ್ಮಾರಕದ ಮೇಲೆ ಅಂಥ ಸಸಿ ಕಂಡರೆ ನಾವು ಕೈ ಹಾಕುವಂತಿಲ್ಲ. ಎಳೆದರೆ ಬೇರಿನ ಜೊತೆ ಗಾರೆಯೂ ಕಿತ್ತು ಬರುತ್ತದೆ. ಅದು ಪುರಾತತ್ವ ಇಲಾಖೆಯವರು ಜೋಪಾನವಾಗಿ ಮಾಡಬೇಕಾದ ಕೆಲಸ.

ಆದರೆ ಹಾಸ್ಟೆಲಿನ ನೀರಿನ ಟ್ಯಾಂಕ್ ಕೆಳಗೆ, ಟೆರೇಸಿನ ಪ್ಯಾರಾಪೆಟ್ ಗೋಡೆಯಲ್ಲಿ ಹುಟ್ಟುವ ಅರಳಿ ಸಸಿಯ ಕಥೆ ಬೇರೆ. ಅದನ್ನು ಹೇಗೂ ಕಿತ್ತು ಎಸೆಯುತ್ತಾರೆ. ಎಸೆಯುವ ಬದಲು ಅನುಮತಿ ಕೇಳಿ ತಂದು, ಚಪ್ಪಟೆ ಕುಂಡದಲ್ಲಿ ಬೆಳೆಸಿದರೆ ಅದೇ ಬೋನ್ಸಾಯ್. ಜಪಾನಿ ಭಾಷೆಯಲ್ಲಿ ಆ ಪದದ ಅರ್ಥವೇ ತಟ್ಟೆಯಲ್ಲಿ ನೆಟ್ಟದ್ದು ಅಂತ. ಬೆಂಗಳೂರಿನ ಲಾಲ್‌ಬಾಗ್‌ಗೆ ಹೋದವರು ಅಲ್ಲಿ ಬೋನ್ಸಾಯ್ ಮರಗಳನ್ನು ನೋಡಿರಬಹುದು.

ಕುಂಡದ ಮರಕ್ಕೆ ಒಂದು ಕಷ್ಟ ಇದೆ. ಜಾಗ ಕಡಿಮೆ, ಬೇರು ಜಾಸ್ತಿ. ಎಳೆಯ ಅರಳಿಯಾದರೆ ಒಂದೆರಡು ವರ್ಷಕ್ಕೆ ಬೇರು ಕುಂಡದ ಸುತ್ತ ಸುರುಳಿ ಸುತ್ತಿ ಮಣ್ಣನ್ನು ಹೆಂಟೆ ಮಾಡಿಬಿಡುತ್ತದೆ. ಆಗ ಮರವನ್ನು ಹೊರಗೆ ತೆಗೆದು, ಹಳೆ ಮಣ್ಣು ಬಿಡಿಸಿ, ಬೇರು ಕತ್ತರಿಸಿ, ಹೊಸ ಮಣ್ಣಿನಲ್ಲಿ ಕೂರಿಸಬೇಕು. ಮರ ಬದುಕುತ್ತದೋ ಸಾಯುತ್ತದೋ ಅನ್ನೋದು ತೀರ್ಮಾನ ಆಗೋದು ಬಹಳಷ್ಟು ಈ ಒಂದು ಗಂಟೆಯಲ್ಲೇ.

ಸ್ಕ್ರೂಡ್ರೈವರ್ ಯಾಕೆ ಬೇಡ?

ಮರ ನೀರು ಕುಡಿಯುವುದು ದಪ್ಪ ಬೇರಿನಿಂದ ಅಲ್ಲ. ತುದಿಯ ಎಳೆ ಬೇರು ಮತ್ತು ಅದರ ಮೇಲಿನ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿಂದ. ಹೆಂಟೆ ಬಿಡಿಸುವಾಗ ಇವು ಹರಿದರೆ ಎಲೆ ಬಾಡುತ್ತದೆ. ಹೊಸ ಮಣ್ಣು ತುಂಬುವಾಗ ಬೇರಿನ ನಡುವೆ ಗಾಳಿಯ ಪೊಳ್ಳು ಉಳಿದರೂ ಅಷ್ಟೇ. ಅಲ್ಲಿರುವ ಬೇರಿಗೆ ಮಣ್ಣೇ ತಾಗುವುದಿಲ್ಲ, ಒಣಗುತ್ತದೆ. ನಮ್ಮ ಕಡೆಯ ಬಿಸಿಲಿನಲ್ಲಿ ಇಂಥ ಮರ ಹೆಚ್ಚು ದಿನ ತಡೆಯೋದಿಲ್ಲ.

ಈ ಕೆಲಸಕ್ಕೆ ಕೈಗೆ ಸಿಕ್ಕ ಸ್ಕ್ರೂಡ್ರೈವರ್ ಹಿಡಿದರೆ ಏನಾಗ್ತದೆ? ಉಕ್ಕಿನ ಯಂಗ್ಸ್ ಮಾಡ್ಯುಲಸ್ ಸುಮಾರು 200 ಗಿಗಾಪಾಸ್ಕಲ್. ಬಿದಿರಿನದು ನಾರಿನ ದಿಕ್ಕಿನಲ್ಲಿ ಸುಮಾರು 10ರಿಂದ 20. ಅಂದ್ರ ಬೇರಿಗೆ ತಾಗಿದಾಗ ಉಕ್ಕು ಬಗ್ಗೋದಿಲ್ಲ, ಬೇರೇ ಹರಿಯಬೇಕು. ಬಿದಿರಿನ ಕಡ್ಡಿ ಸ್ವಲ್ಪ ಬಾಗುತ್ತದೆ, ಆ ಬಾಗು ನಮ್ಮ ಬೆರಳಿಗೆ ಗೊತ್ತಾಗುತ್ತದೆ, ನಾವು ಕೈ ತಡೆಯುತ್ತೇವೆ. ನಮಗೆ ಬೇಕಾದ ಉಪಕರಣ ಮಣ್ಣಿನ ಹೆಂಟೆಗಿಂತ ಗಟ್ಟಿ ಇರಬೇಕು, ಆದರೆ ಬೇರು ಹರಿಯುವ ಮೊದಲು ತಾನು ಬಾಗಬೇಕು. ಮುಂದೆ ಹೇಳುವ ಪ್ರತಿ ಹೆಜ್ಜೆಯೂ ಈ ಒಂದು ಮಾತಿಗಾಗಿಯೇ.

ನೂಡಲ್ಸ್ ಜೊತೆ ಬರುವ ಚಾಪ್‌ಸ್ಟಿಕ್ ಸಾಲದೇ ಅಂತ ಕೇಳಬಹುದು. ಒಂದು ಸಲಕ್ಕೆ ಸಾಕು. ಆದರೆ ಎಷ್ಟೋ ಸಲ ಅದು ಮೆತ್ತನೆಯ ಮರದ್ದು. ಒದ್ದೆ ಮಣ್ಣಿನಲ್ಲಿ ತುದಿ ನಾರುನಾರಾಗುತ್ತದೆ.

ಗಳ ಆರಿಸೋದು

ಬಿದಿರು ಮರದ ಹಾಗೆ ವರ್ಷ ವರ್ಷ ದಪ್ಪವಾಗೋದಿಲ್ಲ. ಮೊಳಕೆ ಒಂದೇ ಹಂಗಾಮಿನಲ್ಲಿ ಪೂರ್ತಿ ಎತ್ತರ, ಪೂರ್ತಿ ದಪ್ಪ ಪಡೆದುಬಿಡುತ್ತದೆ. ಆಮೇಲಿನ ವರ್ಷಗಳಲ್ಲಿ ಗಟ್ಟಿಯಾಗೋದಷ್ಟೇ. ಆದ್ದರಿಂದ 3-4 ವರ್ಷ ಬಲಿತ ಗಳ ಬೇಕು. ಲಾಠಿಗೆ ಬಳಸುವ ಗಟ್ಟಿ ಬಿದಿರು (ಡೆಂಡ್ರೊಕಲಾಮಸ್ ಸ್ಟ್ರಿಕ್ಟಸ್) ಸಿಕ್ಕರೆ ಒಳ್ಳೆಯದು. ಅದರ ಗೋಡೆ ದಪ್ಪ, ಒಳಗಿನ ಪೊಳ್ಳು ಕಡಿಮೆ.

ಕಾಡಿಗೆ ಹೋಗಿ ಕಡಿಯೋ ಕೆಲಸ ಬೇಡ. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರನ್ನು ಭಾರತೀಯ ಅರಣ್ಯ ಕಾಯ್ದೆಯ 'ಮರ' ಅನ್ನುವ ಪಟ್ಟಿಯಿಂದ ತೆಗೆದಿದ್ದಾರೆ. ಕಾಡಿನ ಬಿದಿರಿಗೆ ಆ ವಿನಾಯಿತಿ ಇಲ್ಲ. ಸುಲಭದ ದಾರಿ ಅಂದ್ರ ಬುಟ್ಟಿ, ಮೊರ, ಏಣಿ ಮಾಡುವ ಮೇದಾರರ ಹತ್ತಿರ ಹೋಗೋದು. ನಮ್ಮ ಕಡೆ ಬುರುಡರು ಅಂತಲೂ ಕರೆಯುತ್ತಾರೆ. 12ನೇ ಶತಮಾನದ ಕಲ್ಯಾಣದ ಶರಣರಲ್ಲಿ ಮೇದಾರ ಕೇತಯ್ಯ ಇದೇ ಕಾಯಕದವನು. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಈ ಕೆಲಸಕ್ಕೆ ಗಿರಾಕಿ ಕಡಿಮೆ. ಅವರ ಹತ್ತಿರ ಒಂದು ತುಂಡು ಕೊಂಡು, ಸೀಳೋದನ್ನೂ ತೋರಿಸ್ರಿ ಅಂತ ಕೇಳಿ, ಆ ಸಮಯಕ್ಕೂ ದುಡ್ಡು ಕೊಡಿ. ಹತ್ತು ವಿಡಿಯೋ ನೋಡಿದರೂ ಬಾರದ್ದು ಅವರ ಕೈ ನೋಡಿದರೆ ಬರ್ತದೆ.

ಸೀಳೋದು, ಕೆತ್ತೋದು

ಸುಮಾರು 60 ಮಿ.ಮೀ. ವ್ಯಾಸದ, ಗೋಡೆ 10 ಮಿ.ಮೀ. ದಪ್ಪದ ತುಂಡು ತಗೊಳ್ಳಿ. ಎರಡು ಗೆಣ್ಣುಗಳ ನಡುವಿನ ಭಾಗ ಮಾತ್ರ ಬೇಕು, ಯಾಕಂದ್ರ ಗೆಣ್ಣಿನಲ್ಲಿ ನಾರು ನೇರ ಹೋಗೋದಿಲ್ಲ. ಹ್ಯಾಕ್ಸಾದಿಂದ ಅಡ್ಡ ಕೊಯ್ಯುವ ಮೊದಲು ಆ ಜಾಗಕ್ಕೆ ಟೇಪ್ ಸುತ್ತಿ. ಸಿಪ್ಪೆ ಕಿತ್ತು ಬರೋದಿಲ್ಲ.

ಉದ್ದಕ್ಕೆ ಗರಗಸ ಹಾಕಬೇಡಿ, ಸೀಳಿ. ಗರಗಸ ನಮ್ಮ ಗೆರೆಯಲ್ಲಿ ಹೋಗುತ್ತದೆ, ಸೀಳು ನಾರಿನ ಗೆರೆಯಲ್ಲಿ ಹೋಗುತ್ತದೆ. ಸೀಳಿದ ಕಡ್ಡಿಯಲ್ಲಿ ನಾರು ಈ ತುದಿಯಿಂದ ಆ ತುದಿಯವರೆಗೆ ಅಖಂಡ. ಗರಗಸದ್ದರಲ್ಲಿ ನಾರು ಅಲ್ಲಲ್ಲಿ ತುಂಡಾಗಿ, ಓರೆಯಾಗಿ ಮುರಿಯುತ್ತದೆ. ಕತ್ತಿಯನ್ನು ತುಂಡಿನ ತಲೆಯ ಮೇಲೆ ಇಟ್ಟು ಕಟ್ಟಿಗೆಯಿಂದ ತಟ್ಟಿ. ಯಾವಾಗಲೂ ಅರ್ಧಕ್ಕೆ ಅರ್ಧ: 2, 4, 8, 16. ಸುತ್ತಳತೆ ಸುಮಾರು 188 ಮಿ.ಮೀ., ಅದನ್ನು 16ರಿಂದ ಭಾಗಿಸಿದರೆ ಒಂದೊಂದು ಪಟ್ಟಿ 12 ಮಿ.ಮೀ.ಗೆ ಸ್ವಲ್ಪ ಕಡಿಮೆ. ಸೀಳು ಒಂದು ಕಡೆ ತೆಳ್ಳಗೆ ಓಡತೊಡಗಿದರೆ ದಪ್ಪ ಇರುವ ಅರ್ಧವನ್ನು ಹೆಚ್ಚು ಬಗ್ಗಿಸಿ. ಸೀಳು ಮತ್ತೆ ನಡುವಿಗೆ ಬರುತ್ತದೆ. ಬಿದಿರಿನ ಅಂಚು ಬ್ಲೇಡಿನಂಥದ್ದು. ದಪ್ಪ ಕೈಗವಸು ಹಾಕಿಕೊಳ್ಳಿ, ಕತ್ತಿ ಯಾವಾಗಲೂ ಮೈಯಿಂದ ಆಚೆ ಹೋಗಲಿ.

ಪಟ್ಟಿಗಳನ್ನು ನೀರಿನಲ್ಲಿ ಅರ್ಧ ಗಂಟೆಯಿಂದ ಒಂದು ಗಂಟೆ ಕುದಿಸಿ. ಮೆಸ್ಸಿನವರ ಹತ್ತಿರ ಹಳೆಯ ಪಾತ್ರೆ ಕೇಳಿದರೆ ಆಯ್ತು. ಬಿದಿರಿನೊಳಗಿನ ಪಿಷ್ಟಕ್ಕೇ ಕುಟ್ಟೆ ಹುಳ ಹಿಡಿಯೋದು. ಕುದಿಸಿದರೆ ಅದು ಬಹಳಷ್ಟು ಹೋಗುತ್ತದೆ. ಆಮೇಲೆ ನೆರಳಿನಲ್ಲಿ ಒಂದು ವಾರ ಒಣಗಿಸಿ. ಬಿಸಿಲಿಗೆ ಇಟ್ಟರೆ ಸೀಳುತ್ತದೆ. ಸೊಟ್ಟ ಇದ್ದರೆ ಒಲೆಯ ಉರಿಯ ಮೇಲೆ ಆಡಿಸುತ್ತಾ ಬಿಸಿ ಮಾಡಿ, ನೇರ ಹಿಡಿದು, ಆರುವವರೆಗೆ ಹಾಗೇ ಇಟ್ಟುಕೊಳ್ಳಿ. ಬಿಸಿಗೆ ಲಿಗ್ನಿನ್ ಮೆತ್ತಗಾಗಿ, ಆರಿದ ಮೇಲೆ ಹೊಸ ಆಕಾರದಲ್ಲಿ ನಿಲ್ಲುತ್ತದೆ.

ಈಗ ಕೆತ್ತನೆ. ಬಿದಿರಿನ ಗಟ್ಟಿ ನಾರು ಹೊರಗಡೆ ಒತ್ತಾಗಿ, ಒಳಗಡೆ ವಿರಳವಾಗಿ ಇರುತ್ತದೆ. ಆದ್ದರಿಂದ ಹೆಚ್ಚು ಕೆತ್ತಬೇಕಾದದ್ದು ಒಳಮೈಯನ್ನು. ಹೊರಮೈಯ ನುಣುಪು ಸಿಪ್ಪೆಯನ್ನಷ್ಟೇ ತೆಳ್ಳಗೆ ಹೆರೆದು ಬಿಡಿ.

ಆಕಾರಕ್ಕೆ ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪು ಮಾಡಿಕೊಳ್ರಿ. ಹಿಡಿದ ಬೆರಳು ಫಿಕ್ಸೆಡ್ ಎಂಡ್, ಮಣ್ಣಿನಲ್ಲಿರುವ ತುದಿ ಫ್ರೀ ಎಂಡ್. ಕಡ್ಡಿ ಒಂದು ಕ್ಯಾಂಟಿಲಿವರ್. ಬೆಂಡಿಂಗ್ ಮೊಮೆಂಟ್ ತುದಿಯಲ್ಲಿ ಸೊನ್ನೆ, ಬೆರಳ ಹತ್ತಿರ ಗರಿಷ್ಠ. ಅಂದ್ರ ತುದಿ ತೆಳ್ಳಗಿದ್ದರೆ ನಡೆಯುತ್ತದೆ, ಹಿಡಿಕೆ ದಪ್ಪ ಇರಲೇಬೇಕು. ದುಂಡು ಕಡ್ಡಿಯ ಬಿಗಿತ ವ್ಯಾಸದ ನಾಲ್ಕನೇ ಘಾತಕ್ಕೆ ಹೋಗುತ್ತದೆ; ವ್ಯಾಸ ಅರ್ಧ ಆದರೆ ಬಿಗಿತ ಹದಿನಾರನೇ ಒಂದು ಪಾಲು. ಇಡೀ ಕಡ್ಡಿಯನ್ನು ತೆಳ್ಳಗೆ ಮಾಡಬೇಡಿ, ಕೊನೆಯ 6-7 ಸೆಂ.ಮೀ. ಮಾತ್ರ ಸಪೂರ ಮಾಡಿ.

ಮೂರು ಕಡ್ಡಿ ಮಾಡಿಕೊಳ್ಳಿ. ಹಳೆ ಮಣ್ಣು ಬಿಡಿಸಲು 25 ಸೆಂ.ಮೀ. ಉದ್ದ, 9 ಮಿ.ಮೀ. ದಪ್ಪ, ತುದಿ 4 ಮಿ.ಮೀ. ಹೊಸ ಮಣ್ಣು ತುಂಬಲು 22 ಸೆಂ.ಮೀ. ಉದ್ದ, 7 ಮಿ.ಮೀ. ದಪ್ಪ, ತುದಿ 3 ಮಿ.ಮೀ. ಮೂರನೆಯದೂ ಇದೇ ಅಳತೆಯದು, ಅದರ ಕೆಲಸ ಆಮೇಲೆ ಹೇಳುತ್ತೇವೆ. ತುದಿ ಚೂಪು ಬೇಡ, ಜೋಳದ ಕಾಳಿನ ಹಾಗೆ ದುಂಡಗಿರಲಿ. ಅರದಿಂದ ಉಜ್ಜಿ, ಸ್ಯಾಂಡ್ ಪೇಪರ್ ಹಾಕಿದ ಮೇಲೆ ಹಳೆಯ ಬನಿಯನ್ ಮೇಲೆ ಎಳೆದು ನೋಡಿ. ನೂಲು ಸಿಕ್ಕಿಕೊಂಡರೆ ಬೇರೂ ಸಿಕ್ಕಿಕೊಳ್ಳುತ್ತದೆ, ಇನ್ನೂ ಉಜ್ಜಿ.

ಮೊದಲೆರಡು ಕಡ್ಡಿಗೆ ಅಗಸೆ ಎಣ್ಣೆ ತೆಳ್ಳಗೆ ಸವರಿ, ಕೆಲವು ದಿನ ಒಣಗಲು ಬಿಡಿ. ಅಗಸೆ ಎಣ್ಣೆ ಗಾಳಿಗೆ ಒಣಗಿ ಪದರ ಕಟ್ಟುತ್ತದೆ, ಶೇಂಗಾ ಎಣ್ಣೆ ಹಾಗಲ್ಲ, ಜಿಡ್ಡಾಗಿಯೇ ಉಳಿದು ಕಮಟುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಚ್ಚಿ ಹರಡಿ ಒಣಗಿಸಿ.

ಬಳಸೋದು

ಅರಳಿ, ಆಲಕ್ಕೆ ಮುಂಗಾರಿನ ಶುರು ಒಳ್ಳೆಯ ಕಾಲ. ಗಾಳಿಯಲ್ಲಿ ತೇವ ಇರುವುದರಿಂದ ಎಲೆಯಿಂದ ನೀರು ಹೋಗೋದು ಕಡಿಮೆ. ಮಣ್ಣು ಸ್ವಲ್ಪ ಒಣಗಿರುವಾಗ ಮರವನ್ನು ಹೊರಗೆ ತೆಗೆಯಿರಿ. ದಪ್ಪ ಕಡ್ಡಿಯಿಂದ ಕಾಂಡದ ಬುಡದಿಂದ ಹೊರಕ್ಕೆ, ತಲೆ ಬಾಚಿದ ಹಾಗೆ, ಸ್ವಲ್ಪ ಸ್ವಲ್ಪವೇ ಎಳೆಯಿರಿ. ಅಡ್ಡ ಎಳೆಯಬೇಡಿ. ಉದ್ದ ಬಿದ್ದ ಬೇರನ್ನು ಹರಿತವಾದ ಕತ್ತರಿಯಿಂದ ಮೂರನೇ ಒಂದು ಪಾಲಿನಷ್ಟು ಕತ್ತರಿಸಿದರೆ ಸಾಕು.

ಹೊಸ ಮಣ್ಣಿಗೆ ಎರೆಮಣ್ಣು ಬೇಡ. ನೀರು ಬಿದ್ದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ, ಬೇರನ್ನೂ ಹರಿಯುತ್ತದೆ. ನಮ್ಮಲ್ಲೇ ಸಿಗುವ ಕೆಂಪು ಕಲ್ಲಿನ, ಅಂದ್ರ ಲ್ಯಾಟರೈಟ್‌ನ ಚೂರು ಅಥವಾ ಇಟ್ಟಿಗೆ ಚೂರನ್ನು 2ರಿಂದ 5 ಮಿ.ಮೀ.ಗೆ ಜರಡಿ ಹಿಡಿದು, ಸ್ವಲ್ಪ ಗೊಬ್ಬರ ಸೇರಿಸಿ. ನೌಬಾದದ ಸುರಂಗ ಬಾವಿ ನಿಂತಿರೋದೇ ಈ ಗುಣದ ಮೇಲೆ: ನೀರು ಲ್ಯಾಟರೈಟ್‌ನಲ್ಲಿ ಇಳಿದು ಕೆಳಗಿನ ಬಸಾಲ್ಟ್ ಬಂಡೆಯ ಮೇಲೆ ನಿಲ್ಲುತ್ತದೆ. ಕುಂಡದಲ್ಲಿ ಹಾಗೆ ನಿಂತರೆ ಬೇರು ಕೊಳೆಯುತ್ತದೆ, ಅದಕ್ಕೇ ತಳದಲ್ಲಿ ತೂತು ಬೇಕು.

ಮರವನ್ನು ಕೂರಿಸಿ, ಮಣ್ಣು ಸುರಿದು, ಎರಡನೆಯ ಕಡ್ಡಿಯನ್ನು ಬೇರುಗಳ ನಡುವೆ ಇಳಿಸಿ ಮೆಲ್ಲಗೆ ಅಲುಗಾಡಿಸಿ. ಚೂರುಗಳು ಪೊಳ್ಳಿಗೆ ಇಳಿದು ಮೇಲಿನ ಮಟ್ಟ ಕುಸಿಯುತ್ತದೆ, ಮತ್ತೆ ಸುರಿಯಿರಿ. ಮಟ್ಟ ಕುಸಿಯೋದು ನಿಂತಾಗ ನೀವೂ ನಿಲ್ಲಿಸಿ. ಕುಟ್ಟಿ ಗಟ್ಟಿ ಮಾಡಬೇಡಿ, ಬೇರಿಗೆ ಗಾಳಿಯೂ ಬೇಕು. ತಳದಿಂದ ತಿಳಿ ನೀರು ಬರುವವರೆಗೆ ನೀರು ಹಾಕಿ, ಎರಡು ಮೂರು ವಾರ ನೆರಳಿನಲ್ಲಿಡಿ.

ಎಣ್ಣೆ ಸವರದ ಮೂರನೆಯ ಕಡ್ಡಿಯ ಕೆಲಸ ಈಗ. ಕುಂಡದ ಅಂಚಿನಲ್ಲಿ ಅದನ್ನು ನೆಟ್ಟು ಹತ್ತು ನಿಮಿಷ ಬಿಟ್ಟು ತೆಗೆದು ನೋಡಿ, ಬೈಕಿನ ಎಂಜಿನ್ ಆಯಿಲ್ ನೋಡುವ ಹಾಗೆ. ತುದಿ ಒದ್ದೆಯಾಗಿ ಬಣ್ಣ ಗಾಢವಾಗಿದ್ದರೆ ನೀರು ಬೇಡ. ಒಣಗಿದ್ದರೆ ಹಾಕಿ. ಮೇಲ್ಮೈ ನೋಡಿ ಅಂದಾಜು ಮಾಡೋದಕ್ಕಿಂತ ಇದು ನಂಬಿಕೆಯದು.

ಈ ಸಲದ ಮುಂಗಾರಿಗೆ ಮೊದಲು ನಿಮ್ಮ ಕಡ್ಡಿ ಸಿದ್ಧ ಇರಲಿ. ಕುದಿಸಿ, ಒಣಗಿಸಿ, ಎಣ್ಣೆ ಕುಡಿಸಲು ಎರಡು ವಾರವಾದರೂ ಬೇಕು, ಪರೀಕ್ಷೆಯ ಟೈಮ್‌ಟೇಬಲ್ ನೋಡಿಕೊಂಡು ಶುರು ಮಾಡ್ರಿ. ಮುಗಿದ ಮೇಲೆ ಒಂದು ಹಳೆ ಬನಿಯನ್ ತಗೊಂಡು ಕ್ಲಬ್ಬಿನ ಕೋಣೆಗೆ ಬರ್ರಿ, ಯಾರ ಕಡ್ಡಿಗೆ ನೂಲು ಸಿಕ್ಕಿಕೊಳ್ಳುತ್ತದೆ ನೋಡೋಣ.