ನಡೆಯುವ ಮನೆಗೆ ಬರೀ ಮೊಳೆ ಸಾಲದು

ನಮ್ಮದು ರಾಣೆಬೆನ್ನೂರು ಮತ್ತು ಬ್ಯಾಡಗಿ ನಡುವಿನ ಎರೆಭೂಮಿ. ನಾಲ್ಕೂವರೆ ಎಕರೆ, ಪೂರಾ ಮಳೆ ನಂಬಿದ ಒಕ್ಕಲುತನ. ಗೋವಿನಜೋಳ, ಹತ್ತಿ, ಒಂದಿಷ್ಟು ಮೆಣಸಿನಗಿಡ. ನಾನು ಓದಿದ್ದು ಏಳನೇ ಇಯತ್ತೆ. ಬಡಿಗತನ ಕಲಿತವನಲ್ಲ. ಆದರೂ ಕಟ್ಟಿಗೆ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ, ಯಾಕೆಂದರೆ ಒಂದೇ ಗಾಡಿಮನೆಯನ್ನು ಮೂರು ಸಲ ಕಟ್ಟಿದ್ದೇನೆ. ಮೊದಲಿನ ಎರಡು ಸಲ ಕೆಟ್ಟಿದ್ದರಿಂದಲೇ ಕಲಿತದ್ದು ಹೆಚ್ಚು.

ಗಾಡಿಮನೆ ಯಾಕೆ ಬೇಕಾಯಿತು?

ನಮ್ಮ ಕಡೆ ರಾತ್ರಿ ಹೊಲ ಕಾಯದೆ ಗತಿಯಿಲ್ಲ. ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ 1974ರಲ್ಲಿ ಆಯಿತು. ಚಿಗರಿಗಳಿಗೆ ಅದರ ಗಡಿ ಗೊತ್ತಿಲ್ಲ. ಗೋವಿನಜೋಳದ ಎಳೆ ಸುಳಿಗೆ ಹಿಂಡಾಗಿ ಬರುತ್ತವೆ. ಅವಕ್ಕೆ ಕೈ ಹಚ್ಚುವಂತಿಲ್ಲ, ಹಚ್ಚಲೂಬಾರದು. ಡಬ್ಬಿ ಬಡಿದು ಓಡಿಸಬೇಕು. ಮುಂದೆ ಮೆಣಸಿನಕಾಯಿ ಕಣಕ್ಕೆ ಬಂತೆಂದರೆ ಮತ್ತೆ ಕಾವಲು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ಆದರೆ ಹರವಿದ ಕಾಯಿಯ ಪಕ್ಕ ಮಲಗುವುದು ರೈತನಿಗೆ ತಪ್ಪಲಿಲ್ಲ.

ಮೊದಲು ಕಟ್ಟಿಗೆ ನೆಟ್ಟು ತಾಡಪತ್ರಿ ಹೊದಿಸಿ ಮಲಗುತ್ತಿದ್ದೆ. ಒಂದು ರಾತ್ರಿ ಕೌದಿ ಮಗ್ಗುಲಲ್ಲೇ ಹಾವು ಹರಿಯಿತು. ಮರುದಿನ ಮನೆಯವಳು, "ಏನ್ರೀ, ಹೊಲಾ ಹ್ವಾದ್ರ ಹೋಗ್ಲಿ, ಇನ್ನ ನೆಲದ ಮ್ಯಾಲೆ ಮಲಗಬ್ಯಾಡ್ರಿ" ಅಂದಳು. ಆಗ ಹಳೆಯ ಟೈರ್ ಗಾಡಿಯ ಮೇಲೆ ಆರೂವರೆ ಅಡಿ ಉದ್ದ, ನಾಲ್ಕು ಅಡಿ ಅಗಲ, ನಾಲ್ಕು ಅಡಿ ಎತ್ತರದ ಕಟ್ಟಿಗೆಯ ಕೋಣೆ ಕೂಡಿಸಿದೆ. ಎತ್ತು ಹೂಡಿದರೆ ಹೊಲಕ್ಕೆ, ಕಣಕ್ಕೆ, ಜಾತ್ರೆಗೆ ಎಲ್ಲಿಗಾದರೂ ಹೋಗುವ ಮನೆ. ಬೇರೆ ದೇಶಗಳಲ್ಲಿ ಇಂಥ ಮನೆಯನ್ನು ಕಾರಿನ ಹಿಂದೆ ಕಟ್ಟಿಕೊಂಡು ರಜೆಯಲ್ಲಿ ತಿರುಗುತ್ತಾರಂತೆ. ನಮ್ಮ ಹಿರಿಯರು ಕೊಲ್ಲಾರಿ ಬಂಡಿಯಲ್ಲಿ ಅದನ್ನೇ ಮಾಡುತ್ತಿದ್ದರು.

ಮೊದಲ ಸಲ: ಬರೀ ಮೊಳೆ

ಬದುವಿನ ಜಾಲಿ ಕಡಿದು, ಹಸಿ ಇರುವಾಗಲೇ ಚೌಕಟ್ಟು ಮಾಡಿ, ಮೂರು ಇಂಚಿನ ಮೊಳೆ ಬಡಿದೆ. ನೋಡಲು ಗಟ್ಟಿಯಾಗಿತ್ತು. ನಾಲ್ಕು ತಿಂಗಳಿಗೆ ಕಿರುಗುಟ್ಟಲು ಶುರುವಾಯಿತು. ಕಿರುಗುಟ್ಟಿದರೆ ಏನಾಯಿತು ಎಂದು ಸುಮ್ಮನಿದ್ದೆ.

ಭರತ ಹುಣ್ಣಿಮೆಗೆ ಮೈಲಾರದ ಜಾತ್ರೆಗೆ ಹೊರಟೆವು. ಹಾದಿಯಲ್ಲಿ ಗಾಲಿ ಒಂದು ಕೊರಕಲಿಗೆ ಇಳಿದು ಎದ್ದಿತು, ಅಷ್ಟೇ. ಎಡಗಡೆಯ ಹಲಗೆ ಮೊಳೆ ಸಮೇತ ಕಿತ್ತು ಹೊರಗೆ ಬಿತ್ತು. ಆ ಹಲಗೆಗೇ ಬೆನ್ನು ಕೊಟ್ಟು ನಾಲ್ಕು ವರ್ಷದ ಮೊಮ್ಮಗ ಕುಂತಿದ್ದ. ಅವನ ಅಜ್ಜಿ ಅಂಗಿ ಹಿಡಿದು ಜಗ್ಗಿಕೊಳ್ಳದಿದ್ದರೆ ಗಾಲಿಯ ಕೆಳಗೆ ಹೋಗುತ್ತಿದ್ದ. ಜಾತ್ರೆಯಲ್ಲಿ ಇಬ್ಬರೂ ಮಾತಾಡಲಿಲ್ಲ.

ಊರಿಗೆ ಬಂದು ನಮ್ಮ ಓಣಿಯ ಹಿರಿಯ ಬಡಿಗೇರ ಕಾಕಾನ ಹತ್ತಿರ ಹೋದೆ. ಅವರ ಪಡಸಾಲೆಗೆ ಹಳೆಯ ಚಕ್ಕಡಿ ಗಾಲಿ ಒರಗಿಸಿತ್ತು.

"ತಮ್ಮಾ, ಈ ಗಾಲಿಯೊಳಗ ಎಷ್ಟು ಮೊಳಿ ಅದಾವ, ಎಣಿಸು" ಅಂದರು.

ನೋಡಿದೆ. ಒಂದೂ ಇರಲಿಲ್ಲ. ಕಬ್ಬಿಣದ ಹಳಿಯನ್ನು ಕೆಂಪಗೆ ಕಾಸಿದರೆ ಹಿಗ್ಗುತ್ತದೆ. ಗಾಲಿಗೆ ತೊಡಿಸಿ ನೀರು ಸುರಿದರೆ ಕುಗ್ಗಿ ಎಲ್ಲ ಅರಗಳನ್ನೂ ಒಳಗೆ ಒತ್ತುತ್ತದೆ.

"ಗಟ್ಟಿತನ ಇರೂದು ಮೊಳಿಯೊಳಗಲ್ಲ, ಬಿಗಿಯೊಳಗ. ನಿಂತ ಮನಿಗೆ ಮೊಳಿ ನಡೀತೈತಿ. ನಡಿಯೂ ಮನಿಗೆ ನಡಿಯೂದಿಲ್ಲ. ಸ್ಕ್ರೂ ಜಗ್ಗಬೇಕು, ಅಂಟು ಹಿಡೀಬೇಕು."

ಮೊಳೆ ನುಣ್ಣಗಿರುತ್ತದೆ. ಗಾಡಿ ಕುಲುಕಿದಂತೆ ಕೂದಲೆಳೆಯಷ್ಟು ಹಿಂದೆ ಸರಿಯುತ್ತದೆ, ದಿನಾ ಸರಿಯುತ್ತದೆ. ನನ್ನ ಹಸಿ ಜಾಲಿ ಒಣಗಿ ಕುಗ್ಗಿದಾಗ ಹಿಡಿತ ಇನ್ನಷ್ಟು ಸಡಿಲಾಯಿತು. ಸ್ಕ್ರೂಗೆ ಹಲ್ಲು ಇರುವುದರಿಂದ ಸುಲಭಕ್ಕೆ ಹಿಂದೆ ಬರುವುದಿಲ್ಲ. ಆದರೆ ಅದೂ ಹಿಡಿಯುವುದು ತಾನಿದ್ದ ಜಾಗದಲ್ಲಿ ಮಾತ್ರ. ಅಂಟು ಕೂಡಿದ ಜಾಗವನ್ನೆಲ್ಲ ಹಿಡಿಯುತ್ತದೆ, ಕುಲುಕಾಟವನ್ನು ಪೂರಾ ಉದ್ದಕ್ಕೆ ಹಂಚುತ್ತದೆ.

ಎರಡನೇ ಸಲ: ಅರ್ಧ ತಿಳಿವಳಿಕೆ

ರಾಣೆಬೆನ್ನೂರಿನಿಂದ ಪ್ಲೈವುಡ್, ಹಾವೇರಿಯಿಂದ ಸ್ಕ್ರೂ, ಒಂದು ಡಬ್ಬಿ ಬಿಳಿ ಅಂಟು ತಂದೆ. ಮತ್ತೆ ಮೂರು ತಪ್ಪು ಮಾಡಿದೆ. ತೂತು ಕೊರೆಯದೆ ಸ್ಕ್ರೂ ತಿರುವಿದ್ದಕ್ಕೆ ರೀಪುಗಳು ಸೀಳಿದವು. ಪ್ಲೈವುಡ್ಡಿನ ಅಂಚಿಗೇ ಸ್ಕ್ರೂ ಹಾಕಿದ್ದಕ್ಕೆ ಪದರು ಬಿಟ್ಟವು. ಬಿಳಿ ಅಂಟು ಮನೆಯೊಳಗಿನ ಕಪಾಟಿಗೆ ಆಗುವಂಥದ್ದು; ಮುಂಗಾರಿನಲ್ಲಿ ತಿಂಗಳುಗಟ್ಟಲೆ ತೊಯ್ದು ಮೆತ್ತಗಾಯಿತು. ಅಂಟಿನ ತಪ್ಪಲ್ಲ, ನಾನು ಕೇಳಿ ತರಲಿಲ್ಲ.

ಮೂರನೇ ಸಲ: ಈಗ ಇರುವ ಮನೆ

ಮಾಡುವವರಿಗೆ ಉಪಯೋಗವಾಗಲೆಂದು ಕ್ರಮವಾಗಿ ಬರೆಯುತ್ತೇನೆ.

1. ಕಟ್ಟಿಗೆ ಪೂರ್ತಿ ಒಣಗಿರಬೇಕು. ನಾನು ಹಳೆಯ ಮನೆಯ ಸಾಗವಾನಿ ಜಂತಿ ಸೀಳಿಸಿದೆ. ಪ್ಲೈವುಡ್ ನೀರು ತಡೆಯುವಂಥದ್ದೇ ಬೇಕು. ಹಾಳೆಯ ಮೇಲೆ ಐ.ಎಸ್. 710 ಎಂಬ ಮುದ್ರೆ ಇದ್ದರೆ ಅದು ಮರೀನ್ ಪ್ಲೈವುಡ್.

2. ಮೂಲೆಯಲ್ಲಿ ಪ್ಲೈವುಡ್ಡಿನ ಅಂಚಿಗೆ ಸ್ಕ್ರೂ ಹಾಕಬೇಡಿ. ಒಳಗೆ ಎರಡು ಇಂಚಿನ ರೀಪು ಕೊಟ್ಟು, ಎರಡೂ ಹಾಳೆಯನ್ನು ಆ ರೀಪಿಗೆ ಕೂಡಿಸಿ.

3. ಸ್ಕ್ರೂ ಉದ್ದ ಮೇಲಿನ ಹಾಳೆಯ ದಪ್ಪಕ್ಕೆ ಮೂರರಷ್ಟು ಇರಲಿ. 12 ಮಿ.ಮೀ. ಹಾಳೆಗೆ ಒಂದೂವರೆ ಇಂಚು. ತುಕ್ಕು ಹಿಡಿಯದ ಸ್ಟೀಲಿನದು ತನ್ನಿ.

4. ಎರಡು ಅಳತೆಯ ತೂತು ಬೇಕು. ಮೇಲಿನ ಹಾಳೆಯಲ್ಲಿ ಸ್ಕ್ರೂ ಸಲೀಸಾಗಿ ಇಳಿಯುವಷ್ಟು, ಕೆಳಗಿನ ರೀಪಿನಲ್ಲಿ ಹಲ್ಲು ಬಿಟ್ಟು ಒಳಗಿನ ಕಡ್ಡಿಯಷ್ಟೇ ದಪ್ಪ. ಆಗಲೇ ಸ್ಕ್ರೂ ಎರಡನ್ನೂ ಜಗ್ಗಿ ಕೂಡಿಸುವುದು. ತಿರುವುವ ಮೊದಲು ಸಾಬೂನಿಗೆ ತಿಕ್ಕಿದರೆ ಸರಾಗ ಇಳಿಯುತ್ತದೆ.

5. ಅಂಟು ನೀರಿಗೆ ಜಗ್ಗದಂಥದ್ದು ಬೇಕೆಂದು ಕೇಳಿ ತನ್ನಿ. ಎರಡು ಡಬ್ಬಿ ಬೆರೆಸುವ ಜಾತಿಯಾದರೆ ಡಬ್ಬಿಯ ಮೇಲಿನ ಅಳತೆ ತಪ್ಪಬೇಡಿ, ಸ್ವಲ್ಪ ಸ್ವಲ್ಪವೇ ಬೆರೆಸಿ. ನಮ್ಮ ಬಿಸಿಲಿಗೆ ಬೇಗ ಬಿಗಿಯುತ್ತದೆ. ಮುಂಜಾನೆ ನೆರಳಲ್ಲಿ ಕೆಲಸ ಮಾಡಿ.

6. ಎಣ್ಣೆ, ಧೂಳು, ಹಳೆಯ ಬಣ್ಣ ಇದ್ದಲ್ಲಿ ಅಂಟು ಹಿಡಿಯುವುದಿಲ್ಲ. ಉಜ್ಜಿ ಒರೆಸಿ. ಕಟ್ಟಿಗೆಯ ಕೊಯ್ದ ತುದಿ ಅಂಟನ್ನು ಹೀರಿಕೊಳ್ಳುತ್ತದೆ, ಅಲ್ಲಿ ಅಂಟನ್ನೇ ನಂಬಬೇಡಿ. ಮಗ್ಗುಲಿಗೆ ಮಗ್ಗುಲು ಕೂಡುವಂತೆ ಒಂದು ತುಂಡು ರೀಪು ಕೊಡಿ.

7. ಆರಾರು ಇಂಚಿಗೆ ಒಂದು ಸ್ಕ್ರೂ. ಬಿಗಿದಾಗ ಅಂಚಿನುದ್ದಕ್ಕೂ ಅಂಟು ಮಣಿಮಣಿಯಾಗಿ ಹೊರಬಂದರೆ ಸರಿಯಾಗಿದೆ ಎಂದರ್ಥ. ಒಂದು ಹಗಲು, ಒಂದು ರಾತ್ರಿ ಗಾಡಿ ಅಲುಗಿಸಬೇಡಿ.

ಅಂಟು ಹಾಕಬಾರದ ಜಾಗ

ಇದನ್ನು ಕಾಕಾ ಎರಡು ಸಲ ಹೇಳಿದರು. ಕಟ್ಟಿಗೆ ಮಳೆಗೆ ಅಗಲದಲ್ಲಿ ಹಿಗ್ಗುತ್ತದೆ, ಬೇಸಿಗೆಗೆ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚುಕಡಿಮೆ ಬದಲಾಗುವುದಿಲ್ಲ. ಅಗಲ ಹಲಗೆಯನ್ನು ಅಡ್ಡಪಟ್ಟಿಗೆ ಪೂರಾ ಅಂಟಿಸಿದರೆ ಚೈತ್ರದ ಬಿಸಿಲಿಗೆ ಸೀಳಿಯೇ ಸೀಳುತ್ತದೆ. ಅದಕ್ಕೇ ನೆಲದ ಹಲಗೆಗಳಿಗೆ ಬರೀ ಸ್ಕ್ರೂ, ನಡುನಡುವೆ ಒಂದು ರೂಪಾಯಿ ನಾಣ್ಯದ ದಪ್ಪದಷ್ಟು ಸಂದು. ಕೋಣೆಯನ್ನು ಗಾಡಿಗೆ ಕೂಡಿಸಲು ನಟ್ಟು-ಬೋಲ್ಟು. ಅವನ್ನು ಬಿಚ್ಚಿದರೆ ನಾಲ್ಕು ಜನ ಕೋಣೆ ಎತ್ತಿ ಇಡಬಹುದು. ಗಾಡಿ ಗೊಬ್ಬರಕ್ಕೂ ಆಗುತ್ತದೆ.

ಎರಡೂ ಕಡೆ ಜಾಳಿಗೆ ಹಾಕಿದ ಕಿಟಕಿ ಇದೆ. ಒಳಗೆ ಒಲೆ ಹಚ್ಚುವುದಿಲ್ಲ. ಅಷ್ಟು ಸಣ್ಣ ಕೋಣೆಯಲ್ಲಿ ಹೊಗೆ ಜೀವ ತೆಗೆಯುತ್ತದೆ.

ಸ್ಕ್ರೂ ಮತ್ತು ಅಂಟಿಗೆ ಬಿದ್ದ ಖರ್ಚು ಹದಿಮೂರು ನೂರು ರೂಪಾಯಿ. ಮೊದಲ ಸಲ ಇದನ್ನೇ ಉಳಿಸಲು ಹೋಗಿದ್ದೆ. ಈಗ ಎರಡು ಮುಂಗಾರು ಕಳೆದಿವೆ. ಅಂಟಿಸಿದ ಕಡೆ ಒಂದೂ ಬಿಟ್ಟಿಲ್ಲ. ಬಾಗಿಲ ತಿರುಗಣಿಯ ಸ್ಕ್ರೂ ಮಾತ್ರ ಸಡಿಲಾಗುತ್ತವೆ. ಬಿತ್ತನೆಗೆ ಮುಂಚೆ ಒಮ್ಮೆ, ಸುಗ್ಗಿಗೆ ಮುಂಚೆ ಒಮ್ಮೆ ಬಿಗಿಯುತ್ತೇನೆ.

ಕಳೆದ ಭರತ ಹುಣ್ಣಿಮೆಗೆ ಮತ್ತೆ ಮೈಲಾರಕ್ಕೆ ಹೋಗಿದ್ದೆವು. ಹೊರಡುವ ಮುಂಚೆ ಮನೆಯವಳು ನಾಲ್ಕೂ ಗೋಡೆಗೆ ಹೆಗಲು ಕೊಟ್ಟು ನೂಕಿ ನೋಡಿದಳು. ಆಮೇಲೆಯೇ ಮೊಮ್ಮಗನನ್ನು ಹತ್ತಿಸಿದ್ದು. ನೀವು ಕಟ್ಟಿದರೂ ಹಾಗೇ ನೂಕಿ ನೋಡಿ. ಕಿರುಗುಟ್ಟಿದರೆ ಸುಮ್ಮನಿರಬೇಡಿ. ಇದಕ್ಕಿಂತ ಅಗ್ಗದ, ಗಟ್ಟಿಯ ಉಪಾಯ ಯಾರಿಗಾದರೂ ಗೊತ್ತಿದ್ದರೆ ಪತ್ರಿಕೆಗೆ ಬರೆಯಿರಿ, ನಾಲ್ಕನೇ ಸಲಕ್ಕೆ ಆಗುತ್ತದೆ.